ಬೇಡಿದ ಮದ್ದು, ಬೇಕಾದ ಮದ್ದು

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಬಯಕೆಯೂ ಹಿತವೂ ಒಂದಾಗಿ ಬಂದಾಗ ಉಂಟಾಗುವ ಸಂತೋಷವನ್ನು ಈ ಮಾತು ಸೊಗಸಾಗಿ ಹೇಳುತ್ತದೆ. ಆದರೆ ಅಂಥ ಹೊಂದಿಕೆ ಅಪರೂಪವಾದುದರಿಂದಲೇ ಅದು ಗಾದೆಯಾಯಿತೆಂಬುದನ್ನು ನಾವು ಮರೆಯುತ್ತೇವೆ. ರೋಗಿ ಬಯಸಿದ್ದು ಒಂದು, ವೈದ್ಯನು ಹೇಳಬೇಕಾದುದು ಮತ್ತೊಂದು ಆದಾಗ ಏನು ಮಾಡಬೇಕು? ಬಂದವನ ಮನಸ್ಸನ್ನು ತೃಪ್ತಿಪಡಿಸಿ ಕಳುಹಿಸುವುದು ದಯೆಯೋ, ಅವನ ಅಸಮಾಧಾನಕ್ಕೆ ಗುರಿಯಾದರೂ ಹಿತವಾದುದನ್ನೇ ಮಾಡುವುದು ದಯೆಯೋ? ಮೇಲುನೋಟಕ್ಕೆ ಇದು ವೈದ್ಯರ ಪ್ರಶ್ನೆಯೆಂದು ತೋರುತ್ತದೆ. ವಿಚಾರ ಮಾಡಿದರೆ, ಇತರರು ನಂಬಿ ಬರುವ ಸ್ಥಾನದಲ್ಲಿ ಕುಳಿತಿರುವ ಎಲ್ಲರ ಪ್ರಶ್ನೆ. ಆ ಕಾರಣದಿಂದಲೇ ಇದನ್ನು ಈ ಪತ್ರಿಕೆಯ ವಾಚಕರ ಮುಂದೆ ಇಡುತ್ತಿದ್ದೇವೆ.

ಕೆಲವು ವರ್ಷಗಳ ಹಿಂದೆ ಶ್ರಾವಣ ಮಾಸದ ಪ್ರವಚನಕ್ಕಾಗಿ ಭಾಲ್ಕಿ ತಾಲ್ಲೂಕಿನ ಸಾಯಗಾಂವಕ್ಕೆ ಹೋಗಿದ್ದೆವು. ಅದು ಗಡಿನಾಡು. ಒಂದೇ ಮನೆಯಲ್ಲಿ ಕನ್ನಡ, ಮರಾಠಿ, ದಖನಿ ಮೂರೂ ಕಿವಿಗೆ ಬೀಳುತ್ತವೆ. ಮೈಗೆ ಸ್ವಸ್ಥವಿಲ್ಲದಿದ್ದರೆ ಜನ ಭಾಲ್ಕಿಗೆ ಹೋಗುತ್ತಾರೆ, ಗಡಿ ದಾಟಿ ಉದಗೀರಕ್ಕೂ ಹೋಗುತ್ತಾರೆ. ಬೇನೆ ದೊಡ್ಡದಾದರೆ ಬೀದರ, ಲಾತೂರು, ಹೈದರಾಬಾದು. ಒಂದು ರಾತ್ರಿ ಪ್ರವಚನ ಮುಗಿದ ಮೇಲೆ ಒಬ್ಬ ಮುದುಕಿ, ಅವಳ ಸೊಸೆ, ಸೊಸೆಯ ಕಂಕುಳಲ್ಲಿ ಒಂದೂವರೆ ವರ್ಷದ ಕೂಸು ನಮ್ಮ ಬಳಿಗೆ ಬಂದರು. ಕೂಸಿಗೆ ಎರಡು ದಿನದಿಂದ ಭೇದಿ, ಸಣ್ಣಗೆ ಜ್ವರ. ಭಸ್ಮ ಹಚ್ಚಿಸಿಕೊಂಡು ಮುದುಕಿ ಹೇಳಿದಳು: "ಅಪ್ಪಾರೇ, ಆ ಡಾಕ್ಟರ್ ಒಂದು ಸೂಜಿ ಸೈತ ಮಾಡಲಿಲ್ರಿ. ಉಪ್ಪಿನ ಪುಡಿ ಕೊಟ್ಟು ಕಳಿಸ್ಯಾನ. ನೀವು ಒಂದು ಮಾತ ಹೇಳ್ರಿ, ಸಲಾಯಿನ್ ಹಚ್ಚತಾನ."

ಕೂಸಿನ ಮುಖ ನೋಡಿ ನಮಗೂ ಕರುಳು ಚುರುಕೆಂದಿತು. ಆ ತರುಣ ವೈದ್ಯರಿಗೆ ಫೋನು ಮಾಡಿಸಿ, ಮಗುವಿಗೆ ಸಲಾಯಿನ್ ಹಾಕಲು ಏನು ಅಡ್ಡಿ ಎಂದು ಕೇಳಿದೆವು. ಅವರು ತುಂಬ ವಿನಯದಿಂದ ಉತ್ತರಿಸಿದರು: "ಅಪ್ಪಾಜಿ, ಮಗು ಕುಡಿಯುತ್ತಿದೆ. ಅತ್ತರೆ ಕಣ್ಣೀರು ಬರುತ್ತಿದೆ, ಮೂತ್ರ ಹೋಗುತ್ತಿದೆ. ಬಾಯಿಯಿಂದ ಒಳಗೆ ಹೋಗುವ ನೀರನ್ನು ಸೂಜಿಯಿಂದ ಏಕೆ ಹಾಕಬೇಕು? ಕಣ್ಣು ಗುಳಿಬಿದ್ದರೆ, ಕುಡಿಯಲಾರದೆ ಹೋದರೆ, ಮಂಪರು ಕವಿದರೆ, ಮಲದಲ್ಲಿ ರಕ್ತ ಕಂಡರೆ ಅರ್ಧರಾತ್ರಿಯಾದರೂ ಕರೆತರಲು ಹೇಳಿರಿ. ನಾನು ಎದ್ದು ಬಾಗಿಲು ತೆಗೆಯುತ್ತೇನೆ." ನಮಗೆ ಮರುಮಾತು ಹೊರಡಲಿಲ್ಲ. ನಮ್ಮ ಮಾತು ನಡೆಯಲಿಲ್ಲವಲ್ಲ ಎಂಬ ಸಣ್ಣ ಅಭಿಮಾನವೂ ಮನಸ್ಸಿನಲ್ಲಿ ಸುಳಿದು ಹೋಯಿತೆಂದು ಒಪ್ಪಿಕೊಳ್ಳುತ್ತೇವೆ. ಆ ತಾಯಿ ರಾತ್ರಿಯೆಲ್ಲ ಕುಳಿತು ಚಮಚದಿಂದ ಆ ನೀರನ್ನು ಕುಡಿಸಿದಳು. ಮೂರನೆಯ ದಿನ ಕೂಸು ಗಂಜಿ ಉಂಡಿತು. ಮುದುಕಿ ಮಾತ್ರ ಕಡೆಯವರೆಗೂ ಆ ವೈದ್ಯರನ್ನು ಕ್ಷಮಿಸಲಿಲ್ಲ.

ಆ ಉಪ್ಪಿನ ಪುಡಿಯ ಚರಿತ್ರೆಯನ್ನು ಬಲ್ಲವರು ಅದನ್ನು ಹಗುರವಾಗಿ ಕಾಣಲಾರರು. 1971ರಲ್ಲಿ ಬಾಂಗ್ಲಾದೇಶದ ವಿಮೋಚನಾ ಯುದ್ಧದ ಕಾಲಕ್ಕೆ ಲಕ್ಷಾಂತರ ಜನ ನಿರಾಶ್ರಿತರಾಗಿ ಪಶ್ಚಿಮ ಬಂಗಾಳಕ್ಕೆ ಬಂದರು. ಗಡಿಯ ಬನಗಾಂವ್ ಎಂಬ ಊರಿನಲ್ಲಿ ಕಾಲರಾ ಹಬ್ಬಿತು. ನರಕ್ಕೆ ಹಾಕುವ ಸಲಾಯಿನ್ ಮುಗಿಯುತ್ತ ಬಂದಿತು. ಅಲ್ಲಿ ಚಿಕಿತ್ಸೆಯ ಹೊಣೆ ಹೊತ್ತಿದ್ದ ಡಾಕ್ಟರ್ ದಿಲೀಪ್ ಮಹಲನಬೀಸ್ ಅವರು ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಮೂರನ್ನೂ ಅಳತೆಯಲ್ಲಿ ಬೆರೆಸಿದ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಕರುಳಿನ ಗೋಡೆಯನ್ನು ಗ್ಲೂಕೋಸ್ ದಾಟುವಾಗ ಉಪ್ಪನ್ನೂ ಜೊತೆಯಲ್ಲಿ ಕರೆದೊಯ್ಯುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಅದರ ಗುಟ್ಟು ಇಷ್ಟೇ. ಇಷ್ಟು ಸರಳವಾದುದು ಇಷ್ಟು ದೊಡ್ಡ ರೋಗವನ್ನು ಗೆದ್ದೀತೆಂದು ಅಂದು ಅನೇಕ ವೈದ್ಯರೇ ನಂಬಲಿಲ್ಲ. 1978ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯು ಇದು ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆಯಾಗಬಹುದೆಂದು ಬರೆಯಿತು. ಮಹಲನಬೀಸ್ ಅವರು 2022ರಲ್ಲಿ ತೀರಿಕೊಂಡರು. ಮರುವರ್ಷ ಭಾರತ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣವನ್ನು ನೀಡಿತು.

ಇನ್ನು ನಮ್ಮ ಜನ ಕೈಯೊಡ್ಡಿ ಬೇಡುವ ಸಲಾಯಿನ್ ಬಾಟಲಿಯ ಲೆಕ್ಕವನ್ನು ನೋಡೋಣ. ಅರ್ಧ ಲೀಟರಿನ ಉಪ್ಪುನೀರಿನ ಬಾಟಲಿಯಲ್ಲಿ ಇರುವುದು 4.5 ಗ್ರಾಂ ಉಪ್ಪು, ಅಂದರೆ ಒಂದು ಸಣ್ಣ ಚಮಚ ತುಂಬದಷ್ಟು. ನೂರಕ್ಕೆ 5 ಅಂಶದ ಗ್ಲೂಕೋಸ್ ಬಾಟಲಿಯಾದರೆ ಅರ್ಧ ಲೀಟರಿನಲ್ಲಿ 25 ಗ್ರಾಂ ಸಕ್ಕರೆ; ಅದರಿಂದ ದೊರೆಯುವ ಶಕ್ತಿ ಸುಮಾರು 100 ಕ್ಯಾಲೊರಿ. ಒಂದು ಜೋಳದ ರೊಟ್ಟಿಯ ಬಲ ಅದಕ್ಕಿಂತ ಕಡಿಮೆಯಲ್ಲ. ಪ್ರಜ್ಞೆ ತಪ್ಪಿದವನಿಗೆ, ಕುಡಿದದ್ದೆಲ್ಲ ವಾಂತಿಯಾಗುವವನಿಗೆ, ಭೇದಿಯಿಂದ ನಾಡಿ ಕುಸಿದವನಿಗೆ ಆ ಬಾಟಲಿಯೇ ಪ್ರಾಣ, ಅದರಲ್ಲಿ ಸಂದೇಹವಿಲ್ಲ. ಆದರೆ ತನ್ನ ಕಾಲಿನಿಂದ ನಡೆದುಬಂದು, ಚಹಾ ಕುಡಿದು, ಬೆಂಚಿನ ಮೇಲೆ ಕುಳಿತು "ಅಶಕ್ತಿ ಆಗೇದ, ಒಂದು ಬಾಟಲಿ ಹಚ್ಚರಿ" ಎನ್ನುವವನು ಕೂಲಿಯ ಹಣ ಕೊಟ್ಟು ಕೊಳ್ಳುವುದು ಒಂದು ಚಮಚ ಉಪ್ಪನ್ನು ಮಾತ್ರ. ಸೂಜಿಯ ಕಥೆಯೂ ಅಷ್ಟೇ. ಬೇಡದ ಸೂಜಿಯಿಂದ ಲಾಭವಿಲ್ಲ. ಆ ಸೂಜಿ ಶುದ್ಧವಾಗಿರದಿದ್ದರೆ ಕಾಮಾಲೆಯ ವಿಷಾಣು ಒಬ್ಬರ ರಕ್ತದಿಂದ ಇನ್ನೊಬ್ಬರ ರಕ್ತಕ್ಕೆ ಹೋಗುತ್ತದೆ.

ನೆಗಡಿ, ಗಂಟಲುನೋವು, ಮೈಕೈನೋವಿನ ಜ್ವರ ಇವುಗಳಲ್ಲಿ ಬಹುಪಾಲು ವೈರಸ್ಸಿನಿಂದ ಬರುವಂಥವು. ಬ್ಯಾಕ್ಟೀರಿಯಾವನ್ನು ಕೊಲ್ಲುವ ಆಂಟಿಬಯೋಟಿಕ್ ಗುಳಿಗೆಗಳು ವೈರಸ್ಸಿನ ಮೇಲೆ ಏನೂ ಮಾಡಲಾರವು. ನೆಗಡಿ ವಾರ ಹತ್ತು ದಿನದಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಮೂರನೆಯ ದಿನ ಗುಳಿಗೆ ನುಂಗಿ ಆರನೆಯ ದಿನ ಎದ್ದವನು, ಎಬ್ಬಿಸಿದ್ದು ಗುಳಿಗೆಯೇ ಎಂದು ನಂಬುತ್ತಾನೆ. ಮರುವರ್ಷ ಔಷಧದ ಅಂಗಡಿಗೆ ನೇರವಾಗಿ ಹೋಗಿ ಅದನ್ನೇ ಕೇಳುತ್ತಾನೆ. ಎರಡು ದಿನ ನುಂಗಿ ಬಿಡುತ್ತಾನೆ. ಪೆನಿಸಿಲಿನ್ನನ್ನು 1928ರಲ್ಲಿ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿಯೇ ಈ ಅಪಾಯವನ್ನು ಎಚ್ಚರಿಸಿದ್ದನು: ಕಡಿಮೆ ಅಳತೆಯಲ್ಲಿ ಕೊಟ್ಟ ಔಷಧವು ಸೂಕ್ಷ್ಮಾಣುವನ್ನು ಕೊಲ್ಲದೆ, ಆ ಔಷಧವನ್ನು ತಡೆದುಕೊಳ್ಳುವುದನ್ನು ಅದಕ್ಕೆ ಕಲಿಸುತ್ತದೆ. 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆಯು ಇಂಥ ಔಷಧಗಳ ಪಟ್ಟಿಯ ಮೇಲಿನ ಕೆಂಪು ಗೆರೆಯನ್ನು ಜನರು ಗುರುತಿಸಬೇಕೆಂದು ಪ್ರಚಾರ ಕೈಗೊಂಡಿತು. ಕೆಂಪು ಗೆರೆಯಿರುವ ಗುಳಿಗೆಯನ್ನು ವೈದ್ಯರ ಚೀಟಿಯಿಲ್ಲದೆ ನುಂಗಬಾರದು. ವೈದ್ಯರು ಬರೆದಷ್ಟು ದಿನ ತಪ್ಪದೆ ನುಂಗಬೇಕು. ಇಂದು ನಾವು ನೆಗಡಿಗಾಗಿ ಪೋಲು ಮಾಡಿದ ಔಷಧ ನಾಳೆ ನೆರೆಮನೆಯ ಬಾಣಂತಿಯ ನಂಜಿಗೆ ನಾಟದೆ ಹೋಗಬಹುದು. ಆದ್ದರಿಂದ ಇಲ್ಲಿ ಅಡಗಿರುವುದು ಒಬ್ಬನ ದೇಹದ ಹಿತ ಮಾತ್ರವಲ್ಲ, ಊರಿನ ಹಿತ.

ಹಾಗಾದರೆ ಬೇಡುವವನು ಮೂಢನೆಂದು ತೀರ್ಮಾನಿಸಿ ಕೈತೊಳೆದುಕೊಳ್ಳಬಹುದೆ? ಕೂಡದು. ಮೃಗಶಿರಾ ಮಳೆ ಬಿದ್ದು ತೊಗರಿ, ಸೋಯಾ ಬಿತ್ತುವ ಹೊತ್ತಿನಲ್ಲಿ ಜ್ವರ ಬಂದ ಕೂಲಿಕಾರನಿಗೆ ಮೂರು ದಿನದ ವಿಶ್ರಾಂತಿ ಎಂದರೆ ಮೂರು ದಿನದ ಅನ್ನ ಹೋಯಿತೆಂದೇ ಅರ್ಥ. ನಾಳೆ ಬೆಳಗ್ಗೆ ಎದ್ದು ನಿಲ್ಲಿಸುವಂಥದ್ದೇನಾದರೂ ಕೊಡಿ ಎಂದು ಅವನು ಬೇಡುವುದು ಅಜ್ಞಾನದಿಂದಲ್ಲ, ಅವನ ದುಡಿಮೆಯೇ ಅವನನ್ನು ಹಾಗೆ ಬೇಡಿಸುತ್ತದೆ. ವೈದ್ಯನ ಕಷ್ಟವೂ ಸಣ್ಣದಲ್ಲ. ಹೊರಗೆ ನಲವತ್ತು ಜನ ಕುಳಿತಿದ್ದಾರೆ. ಸೂಜಿ ಚುಚ್ಚಲು ಒಂದು ನಿಮಿಷ ಸಾಕು, ಏಕೆ ಬೇಡವೆಂದು ತಿಳಿಸಿ ಹೇಳಲು ಹತ್ತು ನಿಮಿಷ ಬೇಕು. ತಾನು ಕೊಡದಿದ್ದರೆ ಮುಂದಿನ ಓಣಿಯಲ್ಲಿ ಏನೂ ಓದದವನು ಇನ್ನೂ ಕೆಟ್ಟದ್ದನ್ನು ಚುಚ್ಚಿಯಾನು ಎಂಬ ಭಯವೂ ಉಂಟು. ಬಲ್ಲವನೇ ಒಂದು ನಿರಪಾಯವಾದ ಬಿ ಜೀವಸತ್ವದ ಸೂಜಿ ಮಾಡಿ ಸಮಾಧಾನಪಡಿಸಿದರೆ ತಪ್ಪೇನು? ಈ ವಾದದಲ್ಲಿ ಕರುಣೆಯ ಅಂಶವಿದೆ. ನಾವೂ ಬಹುಕಾಲ ಹೀಗೆಯೇ ಯೋಚಿಸುತ್ತಿದ್ದೆವು. ಈಗ ಹಾಗೆ ಯೋಚಿಸಲಾರೆವು. ಅದರ ಕಾರಣವನ್ನು ಮುಂದೆ ಹೇಳುತ್ತೇವೆ.

ಅದಕ್ಕೆ ಮೊದಲು ಇದರ ವಿರುದ್ಧ ದಿಕ್ಕಿನ ಮಾತೊಂದನ್ನು ಹೇಳಬೇಕು. ನೆಗಡಿಯಲ್ಲಿ ಬೇಡದ ಔಷಧವನ್ನು ಕಾಡಿ ಬೇಡುವ ನಾವು, ರಕ್ತದ ಒತ್ತಡದಲ್ಲಿ ಬೇಕಾದ ಔಷಧವನ್ನು ಬೇಡವೆನ್ನುತ್ತೇವೆ. ಬೇರೆ ಬೇರೆ ಸಮಯದಲ್ಲಿ ಅಳೆದಾಗಲೂ ಒತ್ತಡ 140ಕ್ಕೆ 90ನ್ನು ಮೀರಿದ್ದರೆ ಅದನ್ನು ರೋಗವೆಂದೇ ಎಣಿಸಬೇಕು. ಉಪವಾಸದ ರಕ್ತದಲ್ಲಿ ಸಕ್ಕರೆ 126 ಮಿಲಿಗ್ರಾಂ ಮುಟ್ಟಿ, ಮರುಪರೀಕ್ಷೆಯಲ್ಲೂ ಹಾಗೆಯೇ ಕಂಡರೆ ಅದು ಮಧುಮೇಹ. ಈ ಎರಡೂ ಬೇನೆಗಳು ವರ್ಷಗಟ್ಟಲೆ ನೋಯಿಸದೆ ದೇಹದಲ್ಲಿ ಇರಬಲ್ಲವು. ನೋವಿಲ್ಲವೆಂದು ಜನ ಗುಳಿಗೆಯನ್ನು ಬಿಟ್ಟುಬಿಡುತ್ತಾರೆ. ಒಂದು ಬೆಳಗ್ಗೆ ಲಕ್ವ ಹೊಡೆದು ನಾಲಗೆ ತೊದಲಿದಾಗ, ಮೂತ್ರಪಿಂಡ ಸೋತು ಮುಖ ಬಾತಾಗ ವೈದ್ಯರ ಕಡೆಗೆ ಓಡುತ್ತಾರೆ. ಇತರರನ್ನು ಏಕೆ ಹೇಳಬೇಕು? ನಮಗೂ ರಕ್ತದೊತ್ತಡ ಉಂಟು. ಮೈ ಹಗುರವಾಗಿದೆಯೆಂಬ ಧೈರ್ಯದಿಂದ ನಾವೇ ಒಮ್ಮೆ ಮೂರು ತಿಂಗಳು ಗುಳಿಗೆ ಬಿಟ್ಟವರು. ಹೀಗೆ, ನೋವು ಇದ್ದಾಗ ಬೇಡುವುದೂ ಇಲ್ಲದಾಗ ಬಿಡುವುದೂ ಒಂದೇ ತಪ್ಪಿನ ಎರಡು ರೂಪಗಳು. ನಮ್ಮ ಅನುಭವಕ್ಕೆ ಬಂದ ನೋವೇ ರೋಗದ ಅಳತೆಯೆಂದು ತಿಳಿಯುವುದೇ ಆ ತಪ್ಪು.

ಈಗ ಆ ಕಾರಣವನ್ನು ಹೇಳುತ್ತೇವೆ. ಸಾಯಗಾಂವದ ಸೀಮೆಯಿಂದಲೇ ಒಬ್ಬ ತಾಯಿ ಅಮಾವಾಸ್ಯೆಗೊಮ್ಮೆ ಮಠಕ್ಕೆ ಬರುತ್ತಿದ್ದಳು. ಹೊಲದ ಕೂಲಿಯಿಂದ ಮಕ್ಕಳನ್ನು ಸಾಕುತ್ತಿದ್ದವಳು. ಬಂದಾಗಲೆಲ್ಲ ಅಶಕ್ತಿ, ಸಂಜೆಯ ಉರಿ, ಕೆಮ್ಮು ಎಂದು ಹೇಳುತ್ತಿದ್ದಳು. ಯಾರೋ ಒಬ್ಬರ ಬಳಿ ತಿಂಗಳಿಗೊಮ್ಮೆ ಸಲಾಯಿನ್ ಹಚ್ಚಿಸಿಕೊಳ್ಳುತ್ತಿದ್ದಳು. ಎರಡು ದಿನ ಚೇತರಿಕೆ ಬಂದಂತೆ ಆಗುತ್ತಿತ್ತು. ನಮ್ಮ ಬಳಿಗೆ ಬಂದಾಗ ಭಸ್ಮ ಕೊಟ್ಟು, ಎಲ್ಲವೂ ನೆಟ್ಟಗಾಗುತ್ತದೆ ತಾಯಿ ಎಂದು ಹೇಳಿ ಕಳುಹಿಸುತ್ತಿದ್ದೆವು. ಅವಳು ಸಂತೋಷದಿಂದ ಹೋಗುತ್ತಿದ್ದಳು. ಹೀಗೆ ಏಳೆಂಟು ತಿಂಗಳು ಕಳೆದವು. ಕಫದಲ್ಲಿ ರಕ್ತ ಬಿದ್ದ ಮೇಲೆ ಮಗನು ಬೀದರದ ದೊಡ್ಡ ಆಸ್ಪತ್ರೆಗೆ ಕರೆದೊಯ್ದನು. ಕ್ಷಯ ಎಂದು ತಿಳಿಯಿತು. ಮನೆಯವರನ್ನೆಲ್ಲ ಪರೀಕ್ಷಿಸಿದಾಗ, ಅವಳ ಮಗ್ಗುಲಲ್ಲಿ ಮಲಗುತ್ತಿದ್ದ ಕಿರಿಯ ಮಗಳಿಗೂ ಅದು ಹತ್ತಿತ್ತು.

ಎರಡು ವಾರಕ್ಕೆ ಮೀರಿದ ಕೆಮ್ಮು ಇದ್ದರೆ ಕ್ಷಯಕ್ಕಾಗಿ ಕಫವನ್ನು ಪರೀಕ್ಷಿಸಬೇಕೆಂಬುದು ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಬರೆದಿರುವ ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೂ ಔಷಧಕ್ಕೂ ಹಣ ಕೊಡಬೇಕಾಗಿಲ್ಲ. ಸಾಮಾನ್ಯ ಕ್ಷಯವು ಆರು ತಿಂಗಳು ತಪ್ಪದೆ ಔಷಧ ನುಂಗಿದರೆ ಗುಣವಾಗುತ್ತದೆ. ತಾಯಿ ಮಗಳಿಬ್ಬರೂ ಗುಣವಾದರು. ಆದರೆ ಆ ಏಳೆಂಟು ತಿಂಗಳು ಯಾರ ಲೆಕ್ಕಕ್ಕೆ ಸೇರಬೇಕು? ಸಲಾಯಿನ್ ಹಾಕಿದವನ ಲೆಕ್ಕಕ್ಕೆ ಎಂದು ಹೇಳಿಬಿಡುವುದು ಸುಲಭ. ಅವಳು ಕೆಮ್ಮಿನ ಮಾತನ್ನು ನಮ್ಮ ಮುಂದೆಯೂ ಆಡಿದ್ದಳು. ಎಷ್ಟು ದಿನದಿಂದ ಎಂಬ ಒಂದೇ ಒಂದು ಪ್ರಶ್ನೆಯನ್ನು ನಾವು ಕೇಳಲಿಲ್ಲ. ಅವನೂ ಅವಳು ಬೇಡಿದ್ದನ್ನು ಕೊಟ್ಟನು, ನಾವೂ ಅವಳು ಬೇಡಿದ್ದನ್ನೇ ಕೊಟ್ಟೆವು. ಅವಳಿಗೆ ಬೇಕಾದುದನ್ನು ಇಬ್ಬರೂ ಕೊಡಲಿಲ್ಲ. ಅವನು ಹಣ ತೆಗೆದುಕೊಂಡನು, ನಾವು ತೆಗೆದುಕೊಳ್ಳಲಿಲ್ಲ ಎಂಬ ವ್ಯತ್ಯಾಸ ಆ ಚಿಕ್ಕ ಹುಡುಗಿಯ ಪುಪ್ಪುಸಕ್ಕೆ ತಿಳಿಯದು. ನಿರಪಾಯವೆಂದು ನಾವು ಭಾವಿಸಿದ ಸಮಾಧಾನವೇ ರೋಗಕ್ಕೆ ಮರೆಯಾಗಿ ನಿಂತಿತು. ಬರಿಯ ಸಮಾಧಾನವನ್ನು ಕೊಡುವುದರಲ್ಲಿ ತಪ್ಪೇನು ಎಂಬ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ನಮಗೆ ಬೇಕಾಗಿಲ್ಲ.

ಹಿರಿಯರು ಈ ತೊಡಕನ್ನು ಕಾಣದವರಲ್ಲ. ಕಠೋಪನಿಷತ್ತು ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂದು ವಿಂಗಡಿಸಿತು. ಗ್ರೀಸ್ ದೇಶದ ಪ್ಲೇಟೋ ತನ್ನ ಗೋರ್ಗಿಯಾಸ್ ಎಂಬ ಸಂವಾದದಲ್ಲಿ ಒಂದು ದೃಷ್ಟಾಂತವನ್ನು ಇಟ್ಟನು: ವೈದ್ಯನನ್ನು ಆರೋಪಿಯಾಗಿ ನಿಲ್ಲಿಸಿ, ಮಿಠಾಯಿ ಮಾಡುವವನು ಆರೋಪ ಹೊರಿಸಿ, ಮಕ್ಕಳೇ ನ್ಯಾಯಾಧೀಶರಾಗಿ ಕುಳಿತರೆ ವೈದ್ಯನ ಗತಿಯೇನು? ಸಾಯಗಾಂವದ ಆ ರಾತ್ರಿ ತರುಣ ವೈದ್ಯರು ಅಂಥ ನ್ಯಾಯಸ್ಥಾನದ ಮುಂದೆಯೇ ನಿಂತಿದ್ದರು. ನ್ಯಾಯಾಧೀಶರ ಪೀಠದಲ್ಲಿ ನಾವೂ ಕುಳಿತಿದ್ದೆವು. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನು ವೈದ್ಯವನ್ನೇ ಕಾಯಕವಾಗಿ ಮಾಡಿಕೊಂಡಿದ್ದನೆಂಬುದನ್ನು ವಾಚಕರು ಬಲ್ಲರು. ಕಾಯಕವೆಂದ ಮೇಲೆ ಗಿರಾಕಿಯ ಮೆಚ್ಚುಗೆಯೊಂದೇ ಅದರ ಒರೆಗಲ್ಲಾಗಲಾರದು.

ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಶುಶ್ರೂಷೆ ಮಾಡುವವನು, ರೋಗಿ. ವೈದ್ಯನಿಗೆ ನಾಲ್ಕು ಗುಣಗಳನ್ನು ವಿಧಿಸಿದಂತೆ ರೋಗಿಗೂ ನಾಲ್ಕನ್ನು ವಿಧಿಸಿದೆ. ಅವನಿಗೆ ನೆನಪು ಇರಬೇಕು, ಹೇಳಿದಂತೆ ನಡೆಯಬೇಕು, ಧೈರ್ಯವಿರಬೇಕು, ತನ್ನ ಬೇನೆಯನ್ನು ಮುಚ್ಚಿಡದೆ ತಿಳಿಸಬೇಕು. ರೋಗಿಯೆಂದರೆ ಮದ್ದನ್ನು ಸುರಿಯುವ ಪಾತ್ರೆಯಲ್ಲ, ಚಿಕಿತ್ಸೆಯಲ್ಲಿ ಪಾಲುದಾರ ಎಂಬುದು ಇದರ ತಾತ್ಪರ್ಯ. ಇಂದಿನ ಕುಟುಂಬ ವೈದ್ಯವೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಜ್ವರವು ಮೊದಲ ದಿನ ತನ್ನ ಮುಖವನ್ನು ತೋರಿಸುವುದಿಲ್ಲ. ನೆಗಡಿಯ ಜ್ವರವೋ, ಡೆಂಗಿಯೋ, ಟೈಫಾಯಿಡ್ ಜ್ವರವೋ ಎಂಬುದನ್ನು ಎಷ್ಟೋ ಸಲ ಕಾಲವೇ ಹೇಳಬೇಕು. ಡೆಂಗಿಯಲ್ಲಂತೂ ಜ್ವರ ಇಳಿಯುವ ಹೊತ್ತೇ ಹೆಚ್ಚಿನ ಅಪಾಯದ ಹೊತ್ತು. ಆದುದರಿಂದ ಎರಡು ದಿನ ನೋಡೋಣ, ಮತ್ತೆ ಬನ್ನಿ ಎಂದು ವೈದ್ಯನು ಹೇಳಿದರೆ ಅದು ಅವನಿಗೆ ತಿಳಿಯದ ಲಕ್ಷಣವಲ್ಲ. ತಿಳಿಯುವ ಕ್ರಮವೇ ಅದು.

ಆದರೆ ಇಲ್ಲಿ ಒಂದು ನಿಬಂಧನೆ ಉಂಟು. ಕೊಡದಿರುವುದು ಬೇರೆ, ಕೈಬಿಡುವುದು ಬೇರೆ. "ಏನೂ ಆಗಿಲ್ಲ, ಹೋಗು" ಎಂದು ಮುಖ ನೋಡದೆ ಅಟ್ಟುವವನು ಸೂಜಿ ಚುಚ್ಚುವವನಿಗಿಂತ ಮೇಲಲ್ಲ. ಸಾಯಗಾಂವದ ಆ ವೈದ್ಯರು ಸೂಜಿಯನ್ನು ಕೊಡಲಿಲ್ಲ, ತಮ್ಮ ನಿದ್ರೆಯನ್ನು ಕೊಡಲು ಸಿದ್ಧರಾಗಿದ್ದರು. ಯಾವ ಲಕ್ಷಣ ಕಂಡರೆ ಓಡಿಬರಬೇಕೆಂದು ತಿಳಿಸಿ, ಬಾಗಿಲು ತೆರೆಯುವ ಮಾತು ಕೊಟ್ಟರು. ಆ ಮಾತು ಇದ್ದುದರಿಂದಲೇ ಅವರ ನಿರಾಕರಣೆ ಧರ್ಮವಾಯಿತು. ಅಶಕ್ತಿಯೆಂದು ಬಂದವಳಿಗೆ ಬಾಟಲಿ ಬೇಡವೆಂದರೆ ಸಾಲದು. ಏಕೆ ಅಶಕ್ತಿ ಎಂದು ಕೇಳಬೇಕು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ಅವಳದು ಅದೇ ಇರಬಹುದು, ಕ್ಷಯವಿರಬಹುದು, ಸಕ್ಕರೆ ಬೇನೆಯಿರಬಹುದು, ಕುಡುಕ ಗಂಡನ ಮನೆಯ ಕಣ್ಣೀರೇ ಇರಬಹುದು. ಕೇಳದೆ ಇವುಗಳಲ್ಲಿ ಯಾವುದೂ ತಿಳಿಯದು.

ಭಕ್ತರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ವೈದ್ಯರ ಬಳಿಗೆ ಹೋದಾಗ ಸೂಜಿಯನ್ನಾಗಲಿ ಬಾಟಲಿಯನ್ನಾಗಲಿ ಬೇಡದೆ ಮೂರು ಮಾತುಗಳನ್ನು ಕೇಳಿರಿ: ಇದು ಏನಿರಬಹುದು? ಎಷ್ಟು ದಿನದಲ್ಲಿ ಇಳಿಯಬೇಕು? ಏನು ಕಂಡರೆ ತಿರುಗಿ ಬರಬೇಕು? ಈ ಮೂರಕ್ಕೆ ಉತ್ತರ ಕೊಟ್ಟ ವೈದ್ಯನು ಬರಿಗೈಯಲ್ಲಿ ಕಳುಹಿಸಿದರೂ ಅವನಿಗೆ ಅವನ ಶುಲ್ಕವನ್ನು ಸಂತೋಷದಿಂದ ಕೊಡಿರಿ. ಹೊಲದ ಒಡೆಯರಾದವರು ಜ್ವರ ಬಂದ ಆಳಿಗೆ ಎರಡು ದಿನದ ಕೂಲಿಯನ್ನು ಹಿಡಿಯದೆ ಬಿಟ್ಟುಕೊಟ್ಟರೆ, ಎಷ್ಟೋ ಬೇಡದ ಸೂಜಿಗಳು ತಾವಾಗಿ ನಿಂತುಹೋಗುತ್ತವೆ. ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು ಅನೇಕರಿದ್ದೀರಿ. ಹತ್ತು ನಿಮಿಷ ಮಾತನಾಡಿದುದಕ್ಕೆ ಜನ ನಿಮ್ಮನ್ನು ಹೊಗಳಲಿಕ್ಕಿಲ್ಲ, ಆ ಮುದುಕಿಯಂತೆ ಬೈದುಕೊಳ್ಳಲೂ ಬಹುದು. ಆದರೂ ಮಾತನಾಡಿರಿ.

ನಮ್ಮ ಬಳಿಗೆ ಈಗಲೂ ಜನ ಕೂಸುಗಳನ್ನು ಎತ್ತಿಕೊಂಡು ಬರುತ್ತಾರೆ, ಭಸ್ಮ ಬೇಡುತ್ತಾರೆ. ಕೊಡುತ್ತೇವೆ. ಕೊಡುವ ಮೊದಲು ಎಷ್ಟು ದಿನದಿಂದ ಎಂದು ಕೇಳುತ್ತೇವೆ.